ಊಟದ ಮೇಜಿನ ಮೇಲೊಂದು ಅಚ್ಚುಕೂಟ

ಹಬ್ಬದ ಮುನ್ನಾದಿನ ಪೇಟೆಬೀದಿಯಲ್ಲಿ ಮಾರುವ ರಂಗೋಲಿ ಜಾಲರಿ ನಿಮ್ಮ ಮನೆಯಲ್ಲೂ ಒಂದಿರಬಹುದು. ದುಂಡನೆಯ ಪ್ಲಾಸ್ಟಿಕ್ ತಟ್ಟೆ, ತಳದಲ್ಲಿ ಹೂಬಳ್ಳಿಯ ಆಕಾರದಲ್ಲಿ ಸಾಲುಸಾಲು ತೂತು. ಹೊಸ್ತಿಲ ಮುಂದೆ ಇಟ್ಟು, ಪುಡಿ ಸುರಿದು, ಕೈಯಿಂದ ಒಮ್ಮೆ ಸವರಿ, ಅಲುಗಾಡಿಸದೆ ಎತ್ತಿದರೆ ಬಳ್ಳಿ ನೆಲದ ಮೇಲೆ ಮೂಡಿರುತ್ತದೆ. ತೂತು ಇದ್ದಲ್ಲಿ ಪುಡಿ ಇಳಿಯಿತು, ಇಲ್ಲದಲ್ಲಿ ನಿಂತಿತು. ಸ್ಕ್ರೀನ್ ಪ್ರಿಂಟಿಂಗಿನ ಗುಟ್ಟೂ ಇದೇ. ಪುಡಿ ಇದ್ದಲ್ಲಿ ಬಣ್ಣ, ಕೈ ಇದ್ದಲ್ಲಿ ರಬ್ಬರ್ ಪಟ್ಟಿ, ನೆಲ ಇದ್ದಲ್ಲಿ ಕಾಗದ ಎಂದುಕೊಳ್ಳಿ.

ನಮ್ಮ ಕಡೆ ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಮೊದಲು ನೆನಪಾಗುವುದು ಲಗ್ನಪತ್ರಿಕೆ. ಗಣಪತಿಯ ಚಿತ್ರದ ಮೇಲೆ ಬೆರಳಾಡಿಸಿದರೆ ತುಸು ಉಬ್ಬಿದಂತೆ ತಾಗುವ ಬಂಗಾರದ ಬಣ್ಣ ಹಲವು ಪತ್ರಿಕೆಗಳಲ್ಲಿ ಜಾಲರಿಯಿಂದಲೇ ಇಳಿದದ್ದು. ಬೆಂಗಳೂರಿನ ಸುಲ್ತಾನ್‌ಪೇಟೆಯ ಕಾರ್ಡಿನಂಗಡಿಗಳ ಸಾಲಿನಲ್ಲಿ ಒಮ್ಮೆ ನಡೆದವರಿಗೆ ಆ ಬಣ್ಣದ ವಾಸನೆ ಪರಿಚಯ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್‌ನ ಮಾದರಿಯಲ್ಲಿ ಜಿಲ್ಲೆಜಿಲ್ಲೆಗಳಲ್ಲಿ ನಡೆಯುತ್ತಿರುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳು ಕಲಿಸುವ ಕಸುಬುಗಳಲ್ಲಿ ಇದೂ ಒಂದು. ಆದರೆ ಇದು ಅಂಗಡಿಯ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ ಎಂದು ತುಂಬ ಜನ ದೂರ ನಿಂತಿದ್ದಾರೆ. ಹಾಗೇನಿಲ್ಲ. ಊಟದ ಮೇಜು, ಒಂದು ಬಚ್ಚಲ ನಲ್ಲಿ, ಬಟ್ಟೆ ಒಣಗಿಸುವ ಹಗ್ಗ ಇರುವ ಮನೆಯಲ್ಲಿ ಅರ್ಧ ಅಚ್ಚುಕೂಟ ಆಗಲೇ ಇದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಸ್ಕ್ರೀನ್ ಪ್ರಿಂಟಿಂಗನ್ನೂ ಕಾಗದ ಕತ್ತರಿಸಿ ಅಂಟಿಸುವ ಕೊಲಾಜ್ ಕೆಲಸವನ್ನೂ ಬೇರೆಬೇರೆಯಾಗಿ ಕಲಿಯಬೇಡಿ, ಜೊತೆಯಲ್ಲೇ ಕಲಿಯಿರಿ. ಮನೆಯಲ್ಲಿ ಅಚ್ಚು ಹಾಕುವವರಿಗೆ ಮೊದಮೊದಲು ಹತ್ತಕ್ಕೆ ನಾಲ್ಕು ಪ್ರತಿ ಕೆಡುತ್ತವೆ. ಬಣ್ಣ ಹರಡಿರುತ್ತದೆ, ಮೂಲೆ ಮಸುಕಾಗಿರುತ್ತದೆ, ಎರಡನೇ ಬಣ್ಣ ಪಕ್ಕಕ್ಕೆ ಸರಿದಿರುತ್ತದೆ. ಅಚ್ಚು ಮಾತ್ರ ಗೊತ್ತಿದ್ದವರಿಗೆ ಅದು ಕಸ. ಅಂಟಿಸುವುದು ಗೊತ್ತಿದ್ದವರಿಗೆ ಅದು ಸಾಮಗ್ರಿ. ನನ್ನ ಮನೆಯಲ್ಲಿ ಒಂದು ಹಳೆಯ ಟ್ರಂಕಿನ ತುಂಬ ಕೆಟ್ಟ ಪ್ರತಿಗಳಿವೆ, ನನ್ನ ಒಳ್ಳೆಯ ಕೆಲಸಗಳೆಲ್ಲ ಆ ಟ್ರಂಕಿನಿಂದಲೇ ಎದ್ದು ಬಂದಿವೆ.

ಲೋಕದ ಕಲೆಯಲ್ಲೂ ಇವೆರಡು ಒಟ್ಟಿಗೇ ಬಂದವು. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆಯನ್ನು ಕೈಯಿಂದ ಬಿಡಿಸುವ ಬದಲು, ಆ ಹೆಣಿಗೆ ಅಚ್ಚಾಗಿದ್ದ ಅಂಗಡಿಯ ಮೇಣಬಟ್ಟೆಯನ್ನೇ ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗದ ಅಂಚು ಕಟ್ಟಿದ. ಮಾತಿಸ್ ಮುಪ್ಪಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಕುಂಚದ ಜಾಗಕ್ಕೆ ಕತ್ತರಿ ಹಿಡಿದ. ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಜೋಡಿಸಿದ ಅವನ ಚಿತ್ರಗಳು 1947ರಲ್ಲಿ ‘ಜಾಝ್’ ಎಂಬ ಪುಸ್ತಕವಾದಾಗ ಆ ಪುಟಗಳಿಗೆ ಬಣ್ಣ ಹಾಕಿದ್ದು ಕೊರೆಯಚ್ಚಿನಿಂದ, ಅಂದರೆ ಸ್ಟೆನ್ಸಿಲ್‌ನಿಂದ. ಕತ್ತರಿ ಮಾಡಿದ ಆಕಾರವನ್ನು ಕೊರೆಯಚ್ಚು ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಮಾತು ಗಾಳಿಯಲ್ಲಿ ಉಳಿಯದಿರಲಿ ಎಂದು ಒಂದು ಕೆಲಸವನ್ನೇ ಇಟ್ಟುಕೊಳ್ಳೋಣ. ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಕೊಡಲು ಹನ್ನೆರಡು ಕಾರ್ಡು. ಹಿನ್ನೆಲೆಗೆ ಅಂಟಿಸಿದ ಕಾಗದದ ಚೂರುಗಳು, ಅದರ ಮೇಲೆ ಎರಡು ಬಣ್ಣದಲ್ಲಿ ಕರಿಕಬ್ಬಿನ ಜಲ್ಲೆ. ಹನ್ನೆರಡು ಬೇಕಿದ್ದರೆ ಹದಿನೆಂಟು ಕಾಗದ ಕತ್ತರಿಸಿಟ್ಟುಕೊಳ್ಳಿ.

ಮೊದಲು ಕಾಗದ

ಜೆರಾಕ್ಸ್ ಅಂಗಡಿಯ ಹಾಳೆ 70-80 ಜಿಎಸ್‌ಎಂ ತೂಕದ್ದು. ಅದರ ಮೇಲೆ ನೀರಿನ ಬಣ್ಣ ಬಿದ್ದರೆ ಹಪ್ಪಳದಂತೆ ಮುರುಟುತ್ತದೆ. ಅಂಟು, ಬಣ್ಣ ಎರಡನ್ನೂ ತಾಳಿಕೊಳ್ಳಲು ಕನಿಷ್ಠ 200 ಜಿಎಸ್‌ಎಂ ಬೇಕು, 250-300 ಇದ್ದರೆ ನಿಶ್ಚಿಂತೆ. ಸ್ಟೇಷನರಿ ಅಂಗಡಿಯಲ್ಲಿ ದಪ್ಪ ಡ್ರಾಯಿಂಗ್ ಶೀಟ್ ಅಥವಾ ಐವರಿ ಕಾರ್ಡ್ ಎಂದು ಕೇಳಿ. ಹತ್ತಿಬಟ್ಟೆಯ ಚಿಂದಿಯಿಂದ ಮಾಡುವ ಕೈಕಾಗದ ನೋಡಲು ಬಲು ಚೆಂದ. ಆದರೆ ಅದರ ಮೈ ಒರಟು, ತೆಳ್ಳನೆಯ ಗೆರೆ ಒಡೆಯುತ್ತದೆ. ದೊಡ್ಡ ಆಕಾರಗಳಿಗೆ ಅದನ್ನು ಬಳಸಿ, ಅಕ್ಷರಕ್ಕೆ ಬೇಡ.

ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇದೆ. ಹಾಳೆಯನ್ನು ಮಡಿಸದೆ ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಮಡಿಕೆಯ ಗುಂಟ ಎಳೆ ಓಡುತ್ತಿದೆ. ಕಾರ್ಡಿನ ಮಡಿಕೆ ಅದೇ ದಿಕ್ಕಿಗೆ ಬರಲಿ. ಅಡ್ಡ ಮಡಿಸಿದರೆ ಮಡಿಕೆಯ ಮೇಲೆ ಬಣ್ಣ ಬಿರುಕು ಬಿಡುತ್ತದೆ.

ಅಂಟಿಸಲು ಹಳೆಯ ದಿನಪತ್ರಿಕೆ ಎಲ್ಲರ ಕೈಗೂ ಮೊದಲು ಸಿಗುವ ವಸ್ತು. ಆದರೆ ಅದು ಮರದ ತಿರುಳನ್ನು ಹಾಗೆಯೇ ಅರೆದು ಮಾಡಿದ ಕಾಗದ. ಮರದ ಲಿಗ್ನಿನ್ ಅಂಶ ಅದರಲ್ಲೇ ಉಳಿದಿರುವುದರಿಂದ ಬಿಸಿಲು, ಗಾಳಿಗೆ ಹಳದಿಯಾಗಿ ಪುಡಿಯಾಗುತ್ತದೆ. ಪತ್ರಿಕೆಯ ತುಣುಕು ಬೇಕೇ ಬೇಕಾದರೆ ಅದನ್ನು ಒಳ್ಳೆಯ ಕಾಗದಕ್ಕೆ ಜೆರಾಕ್ಸ್ ಮಾಡಿಸಿ ಅಂಟಿಸಿ. ಜೆರಾಕ್ಸ್‌ನ, ಲೇಸರ್ ಪ್ರಿಂಟರಿನ ಕಪ್ಪು ನೀರಿಗೆ ಕರಗುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನದು ಅನೇಕ ಸಲ ಅಂಟು ತಾಗಿದ ಕೂಡಲೇ ಹರಿದುಹೋಗುತ್ತದೆ. ಮನೆಯ ಹಳೆಯ ಪತ್ರ, ಫೋಟೋ, ಜಾತಕದ ಹಾಳೆ ಏನೇ ಇರಲಿ, ಮೂಲಕ್ಕೆ ಕತ್ತರಿ ತಾಗಿಸಲೇಬೇಡಿ. ಮೂರು ಜೆರಾಕ್ಸ್ ತೆಗೆಸಿ, ಮೂಲವನ್ನು ಬೀರುವಿನಲ್ಲಿಡಿ.

ಚೌಕಟ್ಟು ಮತ್ತು ಜಾಲರಿ

ಒಂದೇ ದಿನದಲ್ಲಿ ರುಚಿ ನೋಡಬೇಕೆಂದರೆ ಕಸೂತಿ ಹಾಕುವ ದುಂಡು ರಿಂಗು ಸಾಕು. ಅದಕ್ಕೆ ಹಳೆಯ ಆರ್ಗಂಜಾ ಸೀರೆಯ ತುಂಡನ್ನು ಬಿಗಿದು ಕಟ್ಟಿ. ಪಾಲಿಯೆಸ್ಟರಿನದೇ ಆಗಿರಲಿ, ಹತ್ತಿಯದು ಒದ್ದೆಯಾದರೆ ಸಡಿಲವಾಗುತ್ತದೆ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಸಮನಾದ ಕಿಂಡಿ ಕಾಣಬೇಕು.

ಕಾರ್ಡಿನ ಕೆಲಸಕ್ಕೆ ಮರದ ಚೌಕಟ್ಟೇ ಸರಿ. ಬಡಗಿಯ ಬಳಿ ಒಳಅಳತೆ 12 ಇಂಚು ಅಗಲ, 16 ಇಂಚು ಉದ್ದದ ಚೌಕಟ್ಟು ಮಾಡಿಸಿ. ಎ4 ಅಳತೆಯ ಚಿತ್ರದ ಸುತ್ತ ಬಣ್ಣ ನಿಲ್ಲಲು, ಪಟ್ಟಿ ಓಡಾಡಲು ಅಷ್ಟು ಜಾಗ ಬೇಕು. ಜಾಲರಿಯ ಬಟ್ಟೆ ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಒಂದು ಸೆಂಟಿಮೀಟರಿಗೆ ಎಷ್ಟು ಎಳೆ ಎನ್ನುವುದೇ ಅದರ ನಂಬರು. 43 ಎಂದರೆ ದೊಡ್ಡ ಕಿಂಡಿ, ಬಟ್ಟೆಗೆ ಅಚ್ಚು ಹಾಕಲು ಸರಿ. ಕಾಗದಕ್ಕೆ 77 ಅಥವಾ 90 ಒಳ್ಳೆಯದು. ಕೆಲವು ಅಂಗಡಿಗಳಲ್ಲಿ ಇಂಚಿನ ಲೆಕ್ಕ ನಡೆಯುತ್ತದೆ, ಆಗ ಅದೇ 77 ಸುಮಾರು 200 ಆಗುತ್ತದೆ. ಯಾವ ಲೆಕ್ಕ ಎಂದು ಕೇಳಿಯೇ ಕೊಳ್ಳಿ.

ಬಟ್ಟೆ ಬಿಗಿಯುವಾಗ ಒಂದು ಮೂಲೆಯಿಂದ ಶುರು ಮಾಡಿದರೆ ಸುಕ್ಕು ಬಂದೇ ಬರುತ್ತದೆ. ಮೊದಲು ಒಂದು ಬದಿಯ ನಡುವೆ ಸ್ಟೇಪಲ್ ಹೊಡೆಯಿರಿ, ಎದುರು ಬದಿಯ ನಡುವೆ ಎಳೆದು ಇನ್ನೊಂದು, ಆಮೇಲೆ ಉಳಿದ ಎರಡು ಬದಿಗಳ ನಡುವೆ. ಅಲ್ಲಿಂದ ಮೂಲೆಗಳ ಕಡೆಗೆ ಎದುರುಬದುರಾಗಿ ಎಳೆಯುತ್ತ ಹೋಗಿ. ಮುಗಿದ ಮೇಲೆ ಬೆರಳಲ್ಲಿ ತಟ್ಟಿದರೆ ತಮಟೆಯಂತೆ ಸದ್ದು ಬರಬೇಕು. ಸದ್ದು ಬಾರದ ಜಾಲರಿಯಿಂದ ಚೊಕ್ಕ ಅಚ್ಚು ಬಾರದು. ಈ ಒಂದು ಹಂತದಲ್ಲಿ ಮಾತ್ರ ರಾಜಿಯಾಗಬೇಡಿ, ಸಡಿಲವಿದ್ದರೆ ಸ್ಟೇಪಲ್ ಕಿತ್ತು ಮತ್ತೆ ಹೊಡೆಯಿರಿ. ಕೊನೆಗೆ ಚೌಕಟ್ಟಿನ ಒಳ ಅಂಚಿಗೆ, ಮರ ಮತ್ತು ಬಟ್ಟೆ ಕೂಡುವಲ್ಲಿ, ಅಗಲದ ಪ್ಯಾಕಿಂಗ್ ಟೇಪ್ ಹಚ್ಚಿ. ಬಣ್ಣ ಸಂದಿಗೆ ಇಳಿಯುವುದಿಲ್ಲ. ಹೊಸ ಜಾಲರಿಯನ್ನು ಪಾತ್ರೆ ತೊಳೆಯುವ ಸೋಪಿನಿಂದ ಒಮ್ಮೆ ತೊಳೆದು ಒಣಗಿಸಿ, ಅದರ ಮೇಲಿನ ಜಿಡ್ಡು ಹೋಗಬೇಕು.

ಕಾಗದದ ಕೊರೆಯಚ್ಚು

ಮೊದಲ ಆರು ತಿಂಗಳು ಕಾಗದದ ಕೊರೆಯಚ್ಚನ್ನು ಬಿಟ್ಟು ಬೇರೆ ಏನೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಬಟರ್ ಪೇಪರಿನ ಮೇಲೆ ಕಬ್ಬಿನ ಜಲ್ಲೆ ಬಿಡಿಸಿ, ಹೊಸ ಬ್ಲೇಡು ಹಾಕಿದ ಕಟರ್‌ನಿಂದ ಕೊರೆಯಿರಿ. ಕೊರೆದು ತೆಗೆದ ಜಾಗದಲ್ಲಿ ಬಣ್ಣ ಇಳಿಯುತ್ತದೆ. ಆ ಹಾಳೆಯನ್ನು ಜಾಲರಿಯ ಕೆಳಗೆ, ಅಚ್ಚು ಬೀಳುವ ಕಾಗದದ ಮೇಲೆ ಇಡಿ. ಅಂಟು ಬೇಕಿಲ್ಲ, ಮೊದಲ ಸಲ ಬಣ್ಣ ಎಳೆದಾಗ ಬಣ್ಣದ ಜಿಗುಟಿಗೆ ಅದು ಜಾಲರಿಗೆ ತಾನಾಗಿ ಕಚ್ಚಿಕೊಳ್ಳುತ್ತದೆ. ಇಪ್ಪತ್ತು ಮೂವತ್ತು ಪ್ರತಿಗಳಿಗೆ ಬಾಳಿಕೆ ಬರುತ್ತದೆ. ನಮಗೆ ಬೇಕಿರುವುದು ಹದಿನೆಂಟು.

ಜಾಲರಿ ಯಾಕೆ ಬೇಕು, ಬರೀ ಕೊರೆದ ಕಾಗದ ಸಾಲದೇ ಎಂದು ನೀವು ಕೇಳಬಹುದು. ಕನ್ನಡದ ಸೊನ್ನೆಯನ್ನೇ ಕೊರೆದು ನೋಡಿ. ಬಳೆ ಕೊರೆದ ಕೂಡಲೇ ನಡುವಿನ ಬಿಲ್ಲೆ ಕೆಳಗೆ ಬಿದ್ದುಹೋಗುತ್ತದೆ. ಠ ಕೊರೆದರೆ ಒಳಗಿನ ಚುಕ್ಕೆಯ ಸುತ್ತಲಿನದೆಲ್ಲ ಹೋಗುತ್ತದೆ. ರಂಗೋಲಿ ತಟ್ಟೆಯಲ್ಲಿ ಗೆರೆ ಉದ್ದಕ್ಕೆ ಇಲ್ಲದೆ ತುಂಡುತುಂಡಾಗಿ ಇರುವುದೂ ಇದೇ ಕಾರಣಕ್ಕೆ, ನಡುನಡುವೆ ಸೇತುವೆ ಬಿಡದಿದ್ದರೆ ತಟ್ಟೆ ನಿಲ್ಲುವುದಿಲ್ಲ. ಜಪಾನಿನ ಕತಗಾಮಿ ಕುಶಲಿಗರು ಹಿಪ್ಪುನೇರಳೆ ಜಾತಿಯ ಮರದ ನಾರಿನ ಕಾಗದಕ್ಕೆ ಪರ್ಸಿಮನ್ ಹಣ್ಣಿನ ರಸ ಕುಡಿಸಿ, ಕೂದಲೆಳೆಯಷ್ಟು ಸಣ್ಣಗೆ ಕೊರೆದು, ಬಿದ್ದುಹೋಗುವ ಚೂರುಗಳನ್ನು ರೇಷ್ಮೆ ಎಳೆಗಳಿಂದ ಹಿಡಿದು ನಿಲ್ಲಿಸುತ್ತಿದ್ದರು. ಆ ಎಳೆಗಳ ಜಾಗಕ್ಕೆ ಪೂರ್ತಿ ರೇಷ್ಮೆ ಬಟ್ಟೆ ಬಂದಾಗ ಇಂದಿನ ಸ್ಕ್ರೀನ್ ಆಯಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಈಗ ನಿಮ್ಮ ಸೊನ್ನೆಯ ನಡುವಿನ ಬಿಲ್ಲೆಯನ್ನು ಜಾಲರಿಗೆ ಒಂದು ತೊಟ್ಟು ಅಂಟಿನಿಂದ ಕಚ್ಚಿಸಿದರೆ ಸಾಕು, ಅದು ಅಲ್ಲೇ ಇರುತ್ತದೆ. ಇನ್ನೊಂದು ಅನುಕೂಲ, ಇಲ್ಲಿ ಅಕ್ಷರವನ್ನು ಉಲ್ಟಾ ಬರೆಯಬೇಕಿಲ್ಲ. ಮರದ ಅಚ್ಚಿನಂತೆ ಕನ್ನಡಿ ಬಿಂಬ ಬೀಳುವುದಿಲ್ಲ, ಬರೆದಂತೆಯೇ ಬೀಳುತ್ತದೆ.

ಜಾಲರಿಯ ಮೇಲೆ ನೇರವಾಗಿ ಕುಂಚದಿಂದ ಫೆವಿಕಾಲ್ ಬಳಿದು ಬೇಡದ ಜಾಗ ಮುಚ್ಚುವ ದಾರಿಯೂ ಇದೆ. ಕುಂಚದ ಒರಟು ಗೆರೆ ಚೆಂದ ಬರುತ್ತದೆ. ಆದರೆ ಒಣಗಿದ ಫೆವಿಕಾಲ್ ನೀರಿನ ಬಣ್ಣಕ್ಕೆ ನಿಧಾನವಾಗಿ ಮೆತ್ತಗಾಗುತ್ತದೆ, ಆದ್ದರಿಂದ ಹತ್ತು ಹದಿನೈದು ಪ್ರತಿಗಳಲ್ಲಿ ಕೆಲಸ ಮುಗಿಸಿ.

ಬಣ್ಣದ ಹದ

ಅಂಗಡಿಗೆ ಹೋಗಿ ಸ್ಕ್ರೀನ್ ಪ್ರಿಂಟಿಂಗ್ ಇಂಕು ಎಂದು ಕೇಳಿದರೆ ಕಸುಬಿನವರು ಬಳಸುವ ಪಿವಿಸಿ ಇಂಕು ಕೊಡಬಹುದು. ಅದು ಥಿನ್ನರ್‌ನಲ್ಲಿ ಮಾತ್ರ ತೊಳೆದುಹೋಗುವಂಥದ್ದು. ಗ್ಯಾಸ್ ಒಲೆ ಇರುವ, ಮಕ್ಕಳು ಓಡಾಡುವ ಮನೆಗೆ ಅದು ಬೇಡವೇ ಬೇಡ. ನೀರಿನಲ್ಲಿ ತೊಳೆಯುವ ಇಂಕು ಎಂದು ಒತ್ತಿ ಕೇಳಿ. ಅದು ಸಿಗದಿದ್ದರೆ ಅಕ್ರಿಲಿಕ್ ಬಣ್ಣ ಒಂದು ಪಾಲು, ಅದಕ್ಕೆ ಬೆರೆಸುವ ಪಾರದರ್ಶಕ ಮೀಡಿಯಂ ಒಂದು ಪಾಲು. ಕೆಲವು ಹನಿ ಗ್ಲಿಸರಿನ್ ಹಾಕಿದರೆ ಬಣ್ಣ ಜಾಲರಿಯಲ್ಲೇ ಬೇಗ ಒಣಗುವುದು ತಪ್ಪುತ್ತದೆ. ಹದ ಎಂದರೆ ಗಟ್ಟಿ ಮೊಸರು. ಚಮಚದಿಂದ ಎತ್ತಿದರೆ ಒಂದು ಕ್ಷಣ ತಡೆದು ಬೀಳಬೇಕು. ಮಜ್ಜಿಗೆಯಂತಾದರೆ ಕೊರೆಯಚ್ಚಿನ ಅಡಿಗೆ ಹರಿಯುತ್ತದೆ.

ಸಣ್ಣ ಮಕ್ಕಳ ಜೊತೆ ಮಾಡುವುದಾದರೆ ಕಾರ್ನ್‌ಫ್ಲೋರ್ ಗಂಜಿ ಕಾಯಿಸಿ, ಆರಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ, ಪೋಸ್ಟರ್ ಕಲರ್ ಬೆರೆಸಿ. ಸೋಸುವುದನ್ನು ಮರೆತರೆ ಒಂದೇ ಗಂಟು ಇಡೀ ಜಾಲರಿ ಕಟ್ಟಿಸುತ್ತದೆ.

ನಮ್ಮ ಕಬ್ಬಿಗೆ ಎರಡು ಬಣ್ಣ. ಮೊದಲು ಇಡೀ ಜಲ್ಲೆಯ ಆಕಾರ ತೆಳು ಗುಲಾಬಿಯಲ್ಲಿ, ಆಮೇಲೆ ಗೆಣ್ಣು, ಸಿಪ್ಪೆಯ ಗೆರೆ, ಸೋಗೆ ಗಾಢ ನೇರಳೆಯಲ್ಲಿ. ಯಾವಾಗಲೂ ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಎರಡಕ್ಕೂ ಬೇರೆ ಬೇರೆ ಕೊರೆಯಚ್ಚು.

ಎಳೆಯುವುದು

ಈಗ ನಿಜವಾದ ಕೆಲಸ. ಹಲಗೆಯ ಒಂದು ಅಂಚಿಗೆ ಬಾಗಿಲಿನ ಎರಡು ಕೀಲು ಬಡಿದು ಚೌಕಟ್ಟು ಕೂರಿಸಿಕೊಂಡರೆ ಪೆಟ್ಟಿಗೆಯ ಮುಚ್ಚಳದಂತೆ ಎತ್ತಿ ಇಳಿಸಬಹುದು. ಚೌಕಟ್ಟಿನ ಮುಂದಿನ ಎರಡು ಮೂಲೆಗಳ ಅಡಿಗೆ ಒಂದರ ಮೇಲೊಂದು ಎರಡು ನಾಣ್ಯ ಇಟ್ಟು ಟೇಪ್ ಹಚ್ಚಿ. ಜಾಲರಿ ಕಾಗದದಿಂದ ಎರಡು ಮೂರು ಮಿಲಿಮೀಟರ್ ಮೇಲೆ ನಿಲ್ಲಬೇಕು. ಪಟ್ಟಿ ಒತ್ತಿದ ಗೆರೆಯಲ್ಲಿ ಮಾತ್ರ ಅದು ಕಾಗದಕ್ಕೆ ತಾಗಿ, ಪಟ್ಟಿ ಮುಂದೆ ಹೋದ ಕೂಡಲೇ ಮೇಲೆದ್ದುಬಿಡುತ್ತದೆ. ಅಂಚು ಚೊಕ್ಕವಾಗಿ ಬರುವುದು ಇದರಿಂದ.

ಸ್ಕ್ವೀಜಿ ಎನ್ನುವ ಮರದ ಹಿಡಿಯ ರಬ್ಬರ್ ಪಟ್ಟಿ ಕೊಂಡರೆ ಒಳ್ಳೆಯದು. ಸಣ್ಣ ಕೆಲಸಕ್ಕೆ ಅವಧಿ ಮುಗಿದ ಎಟಿಎಂ ಕಾರ್ಡೂ ನಡೆಯುತ್ತದೆ. ಜಾಲರಿಯ ಆಚೆ ತುದಿಯಲ್ಲಿ ಬಣ್ಣವನ್ನು ಬದಿಯಿಂದ ಬದಿಗೆ ಒಂದು ದಪ್ಪ ಗೆರೆಯಾಗಿ ಸುರಿಯಿರಿ. ಮೊದಲು ಜಾಲರಿಯನ್ನು ಸ್ವಲ್ಪ ಎತ್ತಿ ಹಿಡಿದು, ಒತ್ತದೆ, ಬಣ್ಣವನ್ನು ಒಮ್ಮೆ ಮೇಲ್ಮೇಲೆ ಸವರಿ. ಕಿಂಡಿಗಳೆಲ್ಲ ತುಂಬುತ್ತವೆ. ಆಮೇಲೆ ಇಳಿಸಿ, ಪಟ್ಟಿಯನ್ನು 45 ಡಿಗ್ರಿಯಷ್ಟು ನಿಮ್ಮ ಕಡೆಗೆ ಬಾಗಿಸಿ, ಎರಡೂ ಕೈಯ ಭಾರ ಸಮನಾಗಿ ಹಾಕಿ, ನಿಲ್ಲಿಸದೆ ಒಂದೇ ಉಸಿರಿಗೆ ಎಳೆಯಿರಿ. ಸರಿಯಾಗಿ ಎಳೆದಾಗ ರೇಷ್ಮೆ ಸೀರೆ ಬಿಡಿಸುವಂಥ ಸಣ್ಣ ಸದ್ದೊಂದು ಬರುತ್ತದೆ. ಪಟ್ಟಿ ಹೋದ ದಾರಿಯಲ್ಲಿ ಜಾಲರಿ ಬಹುತೇಕ ಖಾಲಿಯಾಗಿ ಕಾಣಬೇಕು. ಬಣ್ಣ ಇನ್ನೂ ಮೇಲೆ ನಿಂತಿದ್ದರೆ ಒತ್ತಡ ಸಾಲಲಿಲ್ಲ.

ಚೌಕಟ್ಟು ಎತ್ತಿ. ಅಂಚಿನಿಂದ ಅಂಚಿಗೆ ಸಮನಾಗಿ ಬಿದ್ದ ಹಸಿ ಬಣ್ಣ ಬೆಳಕಿಗೆ ಹೊಳೆಯುತ್ತಿರುತ್ತದೆ, ನೋಡುತ್ತಿದ್ದಂತೆ ಹೊಳಪು ಇಳಿದು ಕಾಗದದ ಬಣ್ಣವಾಗಿ ಕೂರುತ್ತದೆ. ಕುಂಚದಲ್ಲಿ ಎಷ್ಟು ವರ್ಷ ಬಳಿದರೂ ಇಂಥ ಮಟ್ಟಸ ಮೈ ಬರುವುದಿಲ್ಲ. ಮೊದಲ ಮೂರು ನಾಲ್ಕನ್ನು ಹಳೆಯ ಪತ್ರಿಕೆಯ ಮೇಲೆ ಎಳೆದು ಕೈ ಕುದುರಿಸಿಕೊಳ್ಳಿ, ಆಮೇಲೆ ಒಳ್ಳೆಯ ಕಾಗದ ಇಡಿ. ಪ್ರತಿ ಸಲ ಎತ್ತಿದಾಗಲೂ ಬಣ್ಣವನ್ನು ಮತ್ತೆ ಒಮ್ಮೆ ಮೇಲ್ಮೇಲೆ ಸವರಿಡಿ. ಫೋನು ಬಂತೆಂದು ಎದ್ದು ಹೋಗಬೇಡಿ. ಒಮ್ಮೆ ಯಾರೋ ಬಾಗಿಲು ತಟ್ಟಿದರೆಂದು ಹತ್ತು ನಿಮಿಷ ಮಾತಾಡಿ ಬಂದೆ, ಏಪ್ರಿಲ್ ತಿಂಗಳ ಮಧ್ಯಾಹ್ನ. ಕಿಂಡಿಗಳೆಲ್ಲ ಗಟ್ಟಿಯಾಗಿದ್ದವು. ಅಷ್ಟು ಜತನದಿಂದ ಬಿಗಿದ ಜಾಲರಿಯನ್ನು ಕಿತ್ತೆಸೆಯಬೇಕಾಯಿತು.

ಎರಡನೇ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರಿಸಲು ಹಲಗೆಗೆ ದಪ್ಪ ರಟ್ಟಿನ ಮೂರು ತುಂಡು ಅಂಟಿಸಿ, ಕಾಗದದ ಉದ್ದ ಬದಿಗೆ ಎರಡು, ಗಿಡ್ಡ ಬದಿಗೆ ಒಂದು. ಕಾಗದವನ್ನು ಪ್ರತಿ ಸಲ ಆ ಮೂರಕ್ಕೂ ತಾಗಿಸಿಡಿ. ಆ ತುಂಡುಗಳು ಎಲ್ಲಿ ಬರಬೇಕೆಂದು ಹೇಗೆ ಗೊತ್ತಾಗುತ್ತದೆ? ಒಂದು ಪಾರದರ್ಶಕ ಹಾಳೆಯನ್ನು ಒಂದು ಅಂಚಿನಲ್ಲಿ ಮಾತ್ರ ಹಲಗೆಗೆ ಟೇಪ್ ಹಚ್ಚಿ, ಅದರ ಮೇಲೆ ನೇರಳೆ ಬಣ್ಣವನ್ನು ಎಳೆಯಿರಿ. ಈಗ ಗುಲಾಬಿ ಅಚ್ಚು ಬಿದ್ದ ಕಾರ್ಡನ್ನು ಆ ಹಾಳೆಯ ಕೆಳಗೆ ತೂರಿಸಿ, ಗೆಣ್ಣು ಜಲ್ಲೆಯ ಮೇಲೆ ಸರಿಯಾಗಿ ಕೂರುವವರೆಗೆ ಸರಿಸಿ. ಕೂತ ಜಾಗದಲ್ಲಿ ರಟ್ಟಿನ ತುಂಡು ಅಂಟಿಸಿ, ಪಾರದರ್ಶಕ ಹಾಳೆ ತೆಗೆಯಿರಿ. ಕೂದಲೆಳೆ ಆಚೀಚೆ ಆದರೂ ಚಿಂತೆಯಿಲ್ಲ. ಆಂಡಿ ವಾರ್ಹಲ್ 1962ರಲ್ಲಿ ಮಾಡಿದ ಮರ್ಲಿನ್ ಮನ್ರೋ ಅಚ್ಚುಗಳಲ್ಲಿ ಬಣ್ಣ ಗೆರೆಗೆ ಸರಿಯಾಗಿ ಕೂತಿಲ್ಲ, ಆ ಚಿತ್ರಗಳಿಗೆ ಜೀವ ಬಂದಿರುವುದೇ ಅದರಿಂದ.

ಮುಗಿದ ಪ್ರತಿಗಳನ್ನು ಹಗ್ಗಕ್ಕೆ ಕ್ಲಿಪ್ ಹಾಕಿ ನೇತುಹಾಕಿ. ಬಯಲುಸೀಮೆಯ ಬೇಸಿಗೆಯಲ್ಲಿ ಕಾಲು ಗಂಟೆ ಸಾಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಂದು ರಾತ್ರಿ ಬಿಡಿ, ಮುಟ್ಟಿದರೆ ತಣ್ಣಗೆ ಅನ್ನಿಸಿದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ. ಜಾಲರಿಯಲ್ಲಿ ಉಳಿದ ಬಣ್ಣವನ್ನು ಕೆರೆದು ಡಬ್ಬಿಗೆ ಹಾಕಿ, ಪತ್ರಿಕೆಯಿಂದ ಒರೆಸಿ, ಆಮೇಲೆ ನೀರು ಬಿಡಿ. ಹೀಗೆ ಮಾಡಿದರೆ ಬಚ್ಚಲಿಗೆ ಹೋಗುವ ಬಣ್ಣ ಬಹಳ ಕಡಿಮೆಯಾಗುತ್ತದೆ.

ಬಿಸಿಲಿನಿಂದ ಕೊರೆಯಚ್ಚು

ಕೈಬರಹ, ಫೋಟೋ, ಸಣ್ಣ ಅಕ್ಷರ ಬೇಕೆನ್ನಿಸಿದಾಗ ಎಮಲ್ಶನ್ ದಾರಿಗೆ ಬನ್ನಿ. ಬೆಳಕು ಬಿದ್ದಲ್ಲಿ ಗಟ್ಟಿಯಾಗುವ, ಬೀಳದಲ್ಲಿ ನೀರಿಗೆ ಕರಗುವ ದ್ರವ ಅದು. ಕತ್ತಲ ಕೋಣೆಯಲ್ಲಿ ಹಳದಿ ಬಲ್ಬಿನ ಬೆಳಕಿನಲ್ಲಿ ಜಾಲರಿಗೆ ತೆಳ್ಳಗೆ ಬಳಿದು, ಕತ್ತಲಲ್ಲೇ ಫ್ಯಾನಿನಡಿ ಒಣಗಿಸಿ. ಪಾರದರ್ಶಕ ಹಾಳೆಯ ಮೇಲೆ ಕಡುಕಪ್ಪಿನಲ್ಲಿ ತೆಗೆಸಿದ ಚಿತ್ರವನ್ನು ಅದರ ಮೇಲಿಟ್ಟು, ಗಾಜು ಹೇರಿ, ಬಿಸಿಲಿಗೆ ಹಿಡಿಯಿರಿ. ಕಪ್ಪಿನ ನೆರಳಲ್ಲಿದ್ದ ಭಾಗ ನೀರು ಹಾಯಿಸಿದಾಗ ಕರಗಿಹೋಗಿ ಚಿತ್ರ ತೆರೆದುಕೊಳ್ಳುತ್ತದೆ. ಎಷ್ಟು ಹೊತ್ತು ಹಿಡಿಯಬೇಕು ಎನ್ನುವುದು ಎಮಲ್ಶನ್ ಮತ್ತು ಬಿಸಿಲಿನ ಮೇಲೆ ಹೋಗುತ್ತದೆ. ಒಂದು ಸಣ್ಣ ಜಾಲರಿ ತುಂಡಿಗೆ ಬಳಿದು, ರಟ್ಟು ಮುಚ್ಚಿ, ಇಪ್ಪತ್ತು ಸೆಕೆಂಡಿಗೊಮ್ಮೆ ರಟ್ಟನ್ನು ಎರಡು ಬೆರಳಷ್ಟು ಸರಿಸುತ್ತ ಹೋಗಿ. ತೊಳೆದಾಗ ಯಾವ ಪಟ್ಟೆ ಸರಿಯಾಗಿದೆಯೋ ಅದೇ ನಿಮ್ಮ ತಾರಸಿಯ ಲೆಕ್ಕ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕಸುಬಿನಲ್ಲಿ ಅಗ್ಗವೆಂದು ಎಮಲ್ಶನ್‌ಗೆ ಬೆರೆಸುವ ಕಿತ್ತಳೆ ಬಣ್ಣದ ಬೈಕ್ರೋಮೇಟ್ ಸೆನ್ಸಿಟೈಸರ್ ಕ್ರೋಮಿಯಂ ವಿಷ, ಕ್ಯಾನ್ಸರ್‌ಕಾರಕ. ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ, ಬಚ್ಚಲಿಗೆ ಬಿಡುವಂಥದ್ದೂ ಅಲ್ಲ. ಮನೆಗೆ ಡಯಾಜೊ ಅಥವಾ ಬೆರೆಸಿ ಸಿದ್ಧವಾಗಿರುವ ಫೋಟೋಪಾಲಿಮರ್ ಎಮಲ್ಶನ್ ಮಾತ್ರ ತನ್ನಿ. ಬೆಲೆ ಹೆಚ್ಚು, ಆದರೆ ಬೇರೆ ದಾರಿ ಇಲ್ಲ. ಅದನ್ನು ಬಳಸುವಾಗಲೂ ಕೈಗವಸು ಇರಲಿ.

ಚೂರು, ಅಂಟು, ಪದರ

ಅಂಟಿಸುವುದು ಮೊದಲೋ ಅಚ್ಚು ಮೊದಲೋ ಎಂದು ತುಂಬ ಜನ ಕೇಳುತ್ತಾರೆ. ತೆಳು ಕಾಗದವಾದರೆ ಅಂಟಿಸುವುದು ಮೊದಲು. ಜೆರಾಕ್ಸ್ ಹಾಳೆಯಷ್ಟು ದಪ್ಪದ ಚೂರುಗಳ ಮೇಲೆ ಜಾಲರಿ ಸಲೀಸಾಗಿ ಓಡುತ್ತದೆ, ಅಂಚುಗಳಲ್ಲಿ ಬಣ್ಣ ಹಾರಿ ಸಣ್ಣ ಬಿಳಿ ಗೆರೆ ಉಳಿಯುತ್ತದೆ, ಅದು ಕಣ್ಣಿಗೆ ಹಿತ. ರಟ್ಟು, ಬಟ್ಟೆ, ದಾರ, ಗುಂಡಿ ಇವೆಲ್ಲ ಅಚ್ಚು ಒಣಗಿದ ಮೇಲೆ. ಮೊದಲೇ ಅಂಟಿಸಿದರೆ ಜಾಲರಿ ಹರಿಯುತ್ತದೆ.

ಕರಾವಳಿಯಲ್ಲಿ ದೀಪಾವಳಿಗೆ ಗೂಡುದೀಪ ಕಟ್ಟುವವರು ಬಣ್ಣದ ಕಾಗದಕ್ಕೆ ಮೈದಾ ಅಂಟು ಬಳಸುತ್ತಾರೆ. ಒಂದು ಪಾಲು ಮೈದಾವನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಒಟ್ಟು ಐದು ಪಾಲು ನೀರಾಗುವಂತೆ ಸಣ್ಣ ಉರಿಯಲ್ಲಿ ಕಾಯಿಸಿ, ಬಿಳುಪು ಹೋಗಿ ಗಾಜಿನಂತಾದಾಗ ಇಳಿಸಿ. ಕಾಗದಕ್ಕೆ ಇದಕ್ಕಿಂತ ಮೃದುವಾದ ಅಂಟಿಲ್ಲ, ಸುಕ್ಕು ಬಂದರೂ ಸರಿಸಿ ಕೂರಿಸಲು ಸಮಯ ಕೊಡುತ್ತದೆ. ತೊಂದರೆ ಒಂದೇ, ಹುಳಕ್ಕೂ ಜಿರಲೆಗೂ ಇದು ಊಟ. ಹಳೆಯ ಬೈಂಡರುಗಳು ಅದಕ್ಕೆಂದೇ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮನೆಯಲ್ಲಿ ಬೇಡ. ವರ್ಷಗಟ್ಟಲೆ ಉಳಿಯಬೇಕಾದ ಕೆಲಸಕ್ಕೆ ಫೆವಿಕಾಲನ್ನೇ ಸ್ವಲ್ಪ ನೀರು ಬೆರೆಸಿ ಬಳಸಿ.

ಒಂದು ಬದಿಗೆ ಮಾತ್ರ ಅಂಟಿಸಿದ ಕಾಗದ ಒಣಗುವಾಗ ಆ ಬದಿಗೆ ಬಾಗುತ್ತದೆ. ಹಿಂಬದಿಗೂ ಅಷ್ಟೇ ದೊಡ್ಡ ತೆಳು ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮನಾಗಿ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಮೇಲೊಂದು ಕೆಳಗೊಂದು ಬಟರ್ ಪೇಪರ್ ಇಟ್ಟು ದಪ್ಪ ಪುಸ್ತಕಗಳಡಿ ಒಂದು ರಾತ್ರಿ. ಗಾಳಿಪಟದ ತೆಳು ಕಾಗದ ಅಂಟು ತಾಗಿದರೆ ಬಣ್ಣ ಬಿಡುತ್ತದೆ, ನೀರು ಸಿಂಪಡಿಸಿ ಬೇಕೆಂದೇ ಬಿಡಿಸಿದರೆ ಆಕಾಶದಂಥ ಹಿನ್ನೆಲೆ ಸಿಗುತ್ತದೆ. ಚಹಾ ಡಿಕಾಕ್ಷನ್‌ನಲ್ಲಿ ಅದ್ದಿದ ಕಾಗದ ಹಳೆಯ ಕಡತದ ಬಣ್ಣಕ್ಕೆ ಬರುತ್ತದೆ. ಅರಿಸಿನದ ನೀರು ಬಳಿದು, ಅದರ ಮೇಲೆ ಸುಣ್ಣದ ತಿಳಿಯಲ್ಲಿ ಗೆರೆ ಎಳೆದರೆ ಆರತಿ ತಟ್ಟೆಯ ಕೆಂಪು ಕಾಗದದ ಮೇಲೆ ಅರಳುತ್ತದೆ. ಅರಿಸಿನ ಬಿಸಿಲಿಗೆ ನಿಲ್ಲದ ಬಣ್ಣ ಎನ್ನುವುದು ಮಾತ್ರ ನೆನಪಿರಲಿ, ಅದನ್ನು ಪುಸ್ತಕದೊಳಗಿನ ಪುಟಕ್ಕೆ ಬಳಸಿ, ಕಿಟಕಿಯ ಎದುರಿನ ಗೋಡೆಗಲ್ಲ. ಹೊಲಿಗೆ ಯಂತ್ರದಲ್ಲಿ ಕಾಗದಕ್ಕೆ ಹೊಲಿಗೆ ಹಾಕುವುದೂ ಸೊಗಸು. ಹೊಲಿಗೆ ಉದ್ದವಾಗಿರಲಿ, ಒತ್ತಾಗಿ ಹಾಕಿದರೆ ಅಂಚೆಚೀಟಿಯಂತೆ ಆ ಗೆರೆಯಲ್ಲೇ ಹರಿಯುತ್ತದೆ.

ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಕ್ಷರ ಇಳಿಸುವ ವಿಧಾನ. ನಮ್ಮಮ್ಮ ಸಾರಿನಪುಡಿಯ ಲೆಕ್ಕವನ್ನು ಒಂದು ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿಟ್ಟಿದ್ದರು. ಅದನ್ನು ಕನ್ನಡಿ ಬಿಂಬವಾಗಿ ತಿರುಗಿಸಿ ಲೇಸರ್ ಪ್ರಿಂಟ್ ತೆಗೆಸಿದೆ, ಇಲ್ಲಿ ಮಾತ್ರ ಉಲ್ಟಾ ಬೇಕು. ಕಾರ್ಡಿನ ಮೇಲೆ ಅಕ್ರಿಲಿಕ್ ಮೀಡಿಯಂ ಸಮನಾಗಿ ಬಳಿದು, ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ಇಡೀ ರಾತ್ರಿ ಬಿಟ್ಟೆ. ಬೆಳಿಗ್ಗೆ ಒದ್ದೆ ಬೆರಳಿನಿಂದ ಮೆಲ್ಲಗೆ ಉಜ್ಜಿದಂತೆ ಕಾಗದ ಸುರುಳಿಸುರುಳಿಯಾಗಿ ಎದ್ದು ಬಂತು, ಕಪ್ಪು ಮಾತ್ರ ಕಾರ್ಡಿನಲ್ಲಿ ಉಳಿಯಿತು. ‘ಕೊತ್ತಂಬರಿ ಕಾಲು ಸೇರು’ ಮೊದಲು ಕಂಡಿತು, ಆಮೇಲೆ ‘ಮೆಣಸಿನಕಾಯಿ’, ಅದರ ದೀರ್ಘವನ್ನು ಅಮ್ಮ ಎಳೆಯುತ್ತಿದ್ದ ರೀತಿ. ಉಜ್ಜುವಾಗ ಆತುರಪಟ್ಟರೆ ಅಕ್ಷರವೂ ಎದ್ದುಬರುತ್ತದೆ. ಒಣಗಿದಾಗ ಬೆಳ್ಳಗೆ ಪುಡಿ ಕಂಡರೆ ಮತ್ತೆ ಒದ್ದೆ ಮಾಡಿ ಉಜ್ಜಿ. ಆ ಅಕ್ಷರಗಳ ಮೇಲೆ ಕಬ್ಬಿನ ಗುಲಾಬಿ ಬಣ್ಣವನ್ನು ಪಾರದರ್ಶಕವಾಗಿ ಎಳೆದಾಗ ಕೆಳಗಿನ ಬರಹ ಮಸುಕಾಗಿ ಕಾಣುತ್ತಲೇ ಇರುತ್ತದೆ.

ಕಾರ್ಡಿನ ಜೊತೆ ಎಳ್ಳಿನ ಪೊಟ್ಟಣಕ್ಕೂ ಅಚ್ಚು ಹಾಕುವಿರಾದರೆ ಹೊರಮೈಗೆ ಮಾತ್ರ ಹಾಕಿ. ಎಳ್ಳುಬೆಲ್ಲ ಬೇರೆ ಶುದ್ಧ ಕಾಗದದೊಳಗಿರಲಿ, ಬಣ್ಣ, ಅಂಟು ಯಾವುದೂ ತಿನ್ನುವ ವಸ್ತುವಿಗೆ ತಾಗಬಾರದು.

ಹದಿನೆಂಟರಲ್ಲಿ ಹನ್ನೆರಡು ಒಳ್ಳೆಯ ಪ್ರತಿ ಆರಿಸಿ. ಚಿತ್ರದ ಕೆಳಗೆ ಎಡಕ್ಕೆ ಪೆನ್ಸಿಲ್‌ನಲ್ಲಿ 1/12, 2/12 ಎಂದು ಬರೆದು, ಬಲಕ್ಕೆ ಸಹಿ ಹಾಕಿ. ಅಚ್ಚಿನ ಕಲಾವಿದರ ರೂಢಿ ಇದು. ಉಳಿದ ಆರನ್ನು ಚಪ್ಪಟೆಯಾಗಿ ಒಂದು ಪೆಟ್ಟಿಗೆಯಲ್ಲಿಡಿ, ಮುಂದಿನ ಕೆಲಸದ ಮೊದಲ ಚೂರುಗಳು ಅವೇ. ಹನ್ನೆರಡರಲ್ಲೂ ಒಂದನ್ನು ನಿಮಗೆಂದು ಇಟ್ಟುಕೊಂಡು, ಯಾವ ಕಾಗದ, ಯಾವ ನಂಬರಿನ ಜಾಲರಿ, ನೇರಳೆಗೆ ಎಷ್ಟು ಚಮಚ ನೀಲಿ ಎಷ್ಟು ಕೆಂಪು ಎಂದು ಅದರ ಹಿಂದೆ ಬರೆದಿಡಿ. ಬರುವ ವರ್ಷ ಅದೇ ನೇರಳೆ ಬೇಕೆಂದಾಗ ಕೈಗೆ ಸಿಗುವ ಲೆಕ್ಕ ಅದೊಂದೇ. ಮಿಕ್ಕ ಹನ್ನೊಂದನ್ನು ಜನವರಿ ಮೊದಲ ವಾರವೇ ಅಂಚೆಗೆ ಹಾಕಿ, ಹಬ್ಬದೊಳಗೆ ತಲುಪಲಿ.